ನಗುವವರ ಮೇಲೆ ಕಣ್ಣಿಡಿ: ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ವ್ಯಂಗ್ಯವನ್ನು ಓದುವ ಬಗೆ

ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಓದಿ ಮುಗಿಸಿದವರಲ್ಲಿ ಎರಡು ಪಂಗಡ. ಮದುವೆಯ ಮಾತುಕತೆ, ಚಹಾ, ನೃತ್ಯಕೂಟ ಬಿಟ್ಟರೆ ಇದರಲ್ಲಿ ಏನೂ ಇಲ್ಲವಲ್ಲ ಎನ್ನುವವರದು ಒಂದು. ಈ ಪಂಗಡ ಸಣ್ಣದೇನಲ್ಲ; 1848ರಲ್ಲಿ ಶಾರ್ಲಟ್ ಬ್ರಾಂಟಿ ಕೂಡ ವಿಮರ್ಶಕ ಜಿ. ಎಚ್. ಲೂಯಿಸ್‌ಗೆ ಬರೆದ ಪತ್ರದಲ್ಲಿ ಈ ಕಾದಂಬರಿಯನ್ನು ಬೇಲಿ ಹಾಕಿ ಒಪ್ಪವಾಗಿ ಬೆಳೆಸಿದ ಉದ್ಯಾನಕ್ಕೆ ಹೋಲಿಸಿ ಮೂಗು ಮುರಿದಿದ್ದರು. ಎರಡನೆಯ ಪಂಗಡದವರಿಗೆ ಪುಸ್ತಕ ತುಂಬಾ ತಮಾಷೆಯಾಗಿ ಕಾಣುತ್ತದೆ. ಅವರು ಹೊಗಳುಭಟ್ಟ ಪಾದ್ರಿ ಕಾಲಿನ್ಸ್‌ನನ್ನು ಕಂಡು ನಗುತ್ತಾರೆ, ಐವರು ಹೆಣ್ಣುಮಕ್ಕಳ ತಾಯಿ ಶ್ರೀಮತಿ ಬೆನೆಟ್ ಅವರ ನರದೌರ್ಬಲ್ಯವನ್ನು ಕಂಡು ನಗುತ್ತಾರೆ, ನಕ್ಕು ಪುಸ್ತಕ ಮುಚ್ಚುತ್ತಾರೆ. ನನ್ನ ತಕರಾರು ಇವರ ಮೇಲೆಯೇ ಹೆಚ್ಚು. ತಾವು ಯಾರ ಜೊತೆ ಸೇರಿಕೊಂಡು ನಕ್ಕೆವು, ಆ ನಗೆಯ ಖರ್ಚನ್ನು ಯಾರು ತೆತ್ತರು ಎಂದು ಇವರು ಕೇಳಿಕೊಳ್ಳುವುದಿಲ್ಲ. ಕಾದಂಬರಿಯ ವ್ಯಂಗ್ಯವಿರುವುದು ಆ ಲೆಕ್ಕದಲ್ಲಿ.

ಮೊದಲ ಸಲವೋ ಎರಡನೆಯ ಸಲವೋ ಈ ಪುಸ್ತಕ ಹಿಡಿಯುವವರಿಗಾಗಿ ಈ ಮಾರ್ಗದರ್ಶಿ. ಕಥೆಯ ತಿರುವುಗಳನ್ನು ನಾನು ಮುಚ್ಚಿಡುವುದಿಲ್ಲ. ಮುಂದೇನಾಗುತ್ತದೆಂದು ಗೊತ್ತಿದ್ದು ಓದುವವರಿಗೆ ವ್ಯಂಗ್ಯ ಇನ್ನೂ ಚೆನ್ನಾಗಿ ಕಾಣುತ್ತದೆ.

ಓದಿಗೆ ಮುಂಚಿನ ಸಿದ್ಧತೆ

ಕಾದಂಬರಿ ಹೊರಬಂದದ್ದು 1813ರ ಜನವರಿ 28ರಂದು, ಮೂರು ಸಂಪುಟಗಳಲ್ಲಿ, ಲೇಖಕಿಯ ಹೆಸರಿಲ್ಲದೆ. ಒಟ್ಟು 61 ಅಧ್ಯಾಯಗಳು. ಕೆಲವು ಮುದ್ರಣಗಳು ಮೂಲದಂತೆಯೇ ಪ್ರತಿ ಸಂಪುಟಕ್ಕೂ ಒಂದರಿಂದ ಎಣಿಸುತ್ತವೆ (23, 19, 19). ಇಲ್ಲಿ ನಾನು ಕೊಡುವ ಸಂಖ್ಯೆಗಳು ಒಂದರಿಂದ 61ರವರೆಗೆ ಓಡುವ ಎಣಿಕೆಯವು. ಹಕ್ಕುಸ್ವಾಮ್ಯದ ಕಾಲ ಎಂದೋ ಮುಗಿದಿರುವುದರಿಂದ ಇಂಗ್ಲಿಷ್ ಪಠ್ಯ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಆದರೂ ಅಂಚಿನಲ್ಲಿ ಗೀಚಲು ಬರುವ ಕಾಗದದ ಪ್ರತಿಯೇ ಈ ಓದಿಗೆ ಮೇಲು.

ಎರಡೇ ಗುರುತು ಸಾಕು. ನಗು ಬಂದ ಕಡೆ ಒಂದು ಗೀಟು. ಇದು ಯಾರ ಅಭಿಪ್ರಾಯ ಎಂದು ಅನುಮಾನ ಬಂದ ಕಡೆ ಒಂದು ಪ್ರಶ್ನಾರ್ಥಕ ಚಿಹ್ನೆ. ಪೆನ್ಸಿಲ್ಲನ್ನೇ ಬಳಸಿ. ನಲವತ್ತನೆಯ ಅಧ್ಯಾಯ ದಾಟಿದ ಮೇಲೆ ಕೆಲವು ಗೀಟುಗಳನ್ನು ಅಳಿಸಬೇಕೆನಿಸುತ್ತದೆ.

ಹೆಜ್ಜೆ 1: ಮೊದಲ ವಾಕ್ಯವನ್ನು ಎರಡನೆಯದರ ಜೊತೆ ಓದಿ

ಒಳ್ಳೆಯ ಆಸ್ತಿಯುಳ್ಳ ಅವಿವಾಹಿತ ಗಂಡಸಿಗೆ ಹೆಂಡತಿಯೊಬ್ಬಳು ಬೇಕೇ ಬೇಕು ಎಂಬುದು ಲೋಕವೆಲ್ಲ ಒಪ್ಪಿದ ಸತ್ಯ: ಕಾದಂಬರಿ ತೆರೆದುಕೊಳ್ಳುವುದು ಹೀಗೆ. ಈ ವಾಕ್ಯವನ್ನು ಎಲ್ಲರೂ ಉದ್ಧರಿಸುತ್ತಾರೆ, ಎರಡನೆಯದನ್ನು ಯಾರೂ ಮುಟ್ಟುವುದಿಲ್ಲ. ಅಂಥವನೊಬ್ಬ ಊರಿಗೆ ಬಂದಾಗ ಅವನ ಮನಸ್ಸಿನಲ್ಲಿ ಏನಿದೆಯೆಂದು ಯಾರಿಗೂ ತಿಳಿದಿರದಿದ್ದರೂ, ಅಕ್ಕಪಕ್ಕದ ಮನೆಗಳವರ ತಲೆಯಲ್ಲಿ ಈ ಸತ್ಯ ಎಷ್ಟು ಭದ್ರವಾಗಿ ಕೂತಿರುತ್ತದೆಂದರೆ, ಅವನು ತಮ್ಮ ಹೆಣ್ಣುಮಕ್ಕಳಲ್ಲಿ ಒಬ್ಬಳಲ್ಲ ಒಬ್ಬಳ ನ್ಯಾಯಬದ್ಧ ಸ್ವತ್ತು ಎಂದೇ ಅವರು ಎಣಿಸುತ್ತಾರೆ ಎನ್ನುತ್ತದೆ ಅದು.

ಈಗ ಮಾಡಬೇಕಾದ ಕೆಲಸ: ಮೊದಲ ವಾಕ್ಯವನ್ನು ತಿರುಗಿಸಿ ಬರೆಯಿರಿ. ಆಸ್ತಿಯಿಲ್ಲದ ಅವಿವಾಹಿತ ಹೆಣ್ಣಿಗೆ ಹಣವುಳ್ಳ ಗಂಡ ಬೇಕೇ ಬೇಕು. ಲೋಕಕ್ಕೆ ಗೊತ್ತಿದ್ದ ಸತ್ಯ ಇದು, ಬಾಯಿಬಿಟ್ಟು ಹೇಳುವುದು ಮಾತ್ರ ಸಭ್ಯತೆಯಾಗಿರಲಿಲ್ಲ. ಮೊದಲ ವಾಕ್ಯದ ‘ಲೋಕ’ ಎಂದರೆ ಹರ್ಟ್‌ಫರ್ಡ್‌ಶೈರಿನ ನಾಲ್ಕಾರು ಮನೆಗಳು, ಆ ಮನೆಗಳಲ್ಲಿ ಮದುವೆಗೆ ಬೆಳೆದು ನಿಂತ ಹುಡುಗಿಯರ ತಾಯಂದಿರು. ‘ಸ್ವತ್ತು’ ಎಂಬ ಮಾತಿನ ಬಳಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಿ. ಆಗಿನ ಇಂಗ್ಲಿಷ್ ಕಾನೂನಿನ ಪ್ರಕಾರ ಮದುವೆಯಾದೊಡನೆ ಹೆಂಡತಿಯ ಹಣ ಗಂಡನದಾಗುತ್ತಿತ್ತು. ಅದು ಸಡಿಲವಾಗತೊಡಗಿದ್ದು 1870ರ ಮತ್ತು 1882ರ ಕಾಯ್ದೆಗಳ ನಂತರ. ಸ್ವತ್ತು ಇಟ್ಟುಕೊಳ್ಳಲಾಗದ ಹೆಣ್ಣುಮಕ್ಕಳಿಗೆ ಗಂಡಸೇ ಸ್ವತ್ತು ಎಂದು ಆಸ್ಟಿನ್ ಮುಖ ಗಂಟಿಕ್ಕದೆ ಹೇಳುತ್ತಾರೆ.

ಇಷ್ಟಾದ ಮೇಲೂ ಆ ವಾಕ್ಯವನ್ನು ಸುಳ್ಳೆಂದು ಪಕ್ಕಕ್ಕೆ ಇಡಬೇಡಿ. 61ನೆಯ ಅಧ್ಯಾಯ ತಲುಪುವ ಹೊತ್ತಿಗೆ ಊರಿಗೆ ಬಂದಿದ್ದ ಇಬ್ಬರು ಹಣವಂತ ಬ್ರಹ್ಮಚಾರಿಗಳೂ, ಬಿಂಗ್ಲಿ ಮತ್ತು ಅವನ ಗೆಳೆಯ ಡಾರ್ಸಿ, ಬೆನೆಟ್ ಮನೆಯ ಅಳಿಯಂದಿರಾಗಿರುತ್ತಾರೆ. ತಾನೇ ಗೇಲಿ ಮಾಡಿದ ಮಾತನ್ನು ಕಾದಂಬರಿ ತಾನೇ ನಿಜ ಮಾಡಿ ತೋರಿಸುತ್ತದೆ.

ಹೆಜ್ಜೆ 2: ಪೌಂಡುಗಳ ಲೆಕ್ಕ ಬರೆದಿಡಿ

ಪುಸ್ತಕದ ಹಿಂಬದಿಯ ಖಾಲಿ ಹಾಳೆಯಲ್ಲಿ ಈ ಅಂಕಿಗಳಿರಲಿ. ಡಾರ್ಸಿಯ ವರ್ಷದ ಆದಾಯ 10,000 ಪೌಂಡ್. ಬಿಂಗ್ಲಿಯದು ನಾಲ್ಕೈದು ಸಾವಿರ. ಬೆನೆಟ್ ಮಹಾಶಯರ ಲಾಂಗ್‌ಬೋರ್ನ್ ಜಮೀನಿನಿಂದ ವರ್ಷಕ್ಕೆ 2,000. ಆದರೆ ಗಂಡು ವಾರಸುದಾರನಿಗೇ ಸೇರಬೇಕಾದ ಆಸ್ತಿ ಅದು, ಅವರ ಕಾಲಾನಂತರ ದೂರದ ಸಂಬಂಧಿ ಕಾಲಿನ್ಸ್‌ನ ಪಾಲು. ಬೆನೆಟ್ ಅವರ ಎರಡನೆಯ ಮಗಳು, ಕಥಾನಾಯಕಿ ಎಲಿಜಬೆತ್‌ಗೆ ತಾಯಿಯ ಮರಣದ ನಂತರ ಸಿಗುವುದು ಶೇಕಡಾ ನಾಲ್ಕರ ಬಡ್ಡಿಯ 1,000 ಪೌಂಡ್, ಅಂದರೆ ವರ್ಷಕ್ಕೆ ನಲವತ್ತು. ಈ ಕೊನೆಯ ಅಂಕಿಯನ್ನು ಅವಳ ಮುಖಕ್ಕೇ ಹೇಳುವವನು ಕಾಲಿನ್ಸ್, ಅದೂ ಪ್ರೇಮ ನಿವೇದನೆಯ ನಡುವೆ!

ಈ ಲೆಕ್ಕ ಎದುರಿಗಿದ್ದರೆ ಮೂರನೆಯ ಅಧ್ಯಾಯದ ನೃತ್ಯಕೂಟ ಬೇರೆಯೇ ಆಗಿ ಕಾಣುತ್ತದೆ. ಡಾರ್ಸಿ ಒಳಗೆ ಬಂದು ಐದು ನಿಮಿಷವಾಗುವಷ್ಟರಲ್ಲಿ ಅವನ ಹತ್ತು ಸಾವಿರದ ಸುದ್ದಿ ಕೋಣೆಯಿಡೀ ಹಬ್ಬಿರುತ್ತದೆ. ಅವನ ಎತ್ತರ, ಚೆಲುವು ಎಲ್ಲರ ಕಣ್ಣಿಗೂ ಬೀಳುತ್ತವೆ. ಅರ್ಧ ಸಂಜೆ ಕಳೆದ ಮೇಲೆ ಅವನು ಯಾರೊಡನೆಯೂ ಬೆರೆಯುವವನಲ್ಲ ಎಂದು ಗೊತ್ತಾದಾಗ ಅದೇ ಮುಖ ಅಸಹ್ಯವಾಗುತ್ತದೆ, ಡರ್ಬಿಶೈರಿನ ಅಷ್ಟು ದೊಡ್ಡ ಎಸ್ಟೇಟು ಕೂಡ ಅವನನ್ನು ಕಾಪಾಡುವುದಿಲ್ಲ. ಅವನ ಮುಖದಲ್ಲಿ ಏನೂ ಬದಲಾಗಿಲ್ಲ.

ಲೇಖಕಿಯೂ ಈ ಲೆಕ್ಕದ ಹೊರಗಿರಲಿಲ್ಲ. ಹಸ್ತಪ್ರತಿಗೆ 150 ಪೌಂಡ್ ಬಯಸಿದ್ದ ಆಸ್ಟಿನ್ ಕೊನೆಗೆ 110ಕ್ಕೆ ಒಪ್ಪಿ ಹಕ್ಕನ್ನೇ ಪ್ರಕಾಶಕ ಎಗರ್ಟನ್‌ಗೆ ಮಾರಿಬಿಟ್ಟರು. ಅದೇ ವರ್ಷ ಎರಡನೆಯ ಮುದ್ರಣ ಬಂತು, 1817ರಲ್ಲಿ ಮೂರನೆಯದು. ಅವುಗಳಿಂದ ಅವರಿಗೆ ಒಂದು ಪೆನ್ನಿಯೂ ಬರಲಿಲ್ಲ.

ಹೆಜ್ಜೆ 3: ನಿರೂಪಕಿ ಯಾರ ಮೈಯೊಳಗೆ ಹೊಕ್ಕಿದ್ದಾಳೆಂದು ನೋಡಿ

ಇದು ಸ್ವಲ್ಪ ಕಷ್ಟದ ಹೆಜ್ಜೆ, ಪ್ರಶ್ನಾರ್ಥಕ ಚಿಹ್ನೆಗಳು ಹೆಚ್ಚು ಬೀಳುವುದು ಇಲ್ಲಿಯೇ. ಆಸ್ಟಿನ್ ಅವರ ನಿರೂಪಕಿಗೆ ಪರಕಾಯ ಪ್ರವೇಶದ ವಿದ್ಯೆ ಗೊತ್ತು. ‘ಅವಳು ಹೀಗೆ ಯೋಚಿಸಿದಳು’ ಎಂಬ ಸೂಚನೆ ಕೊಡದೆ, ಉದ್ಧರಣ ಚಿಹ್ನೆ ಹಾಕದೆ, ಪಾತ್ರದ ಆಲೋಚನೆಯನ್ನು ತನ್ನದೇ ಮಾತಿನಂತೆ ಹೇಳಿಬಿಡುತ್ತಾಳೆ. ಮೈಮರೆತು ಓದಿದರೆ ಪಾತ್ರದ ಭ್ರಮೆಯನ್ನೇ ಲೇಖಕಿಯ ತೀರ್ಪೆಂದು ನಂಬಿಬಿಡುತ್ತೀರಿ.

ಅಭ್ಯಾಸಕ್ಕೆ ನಾಲ್ಕನೆಯ ಅಧ್ಯಾಯದ ಬಿಂಗ್ಲಿ ಸೋದರಿಯರ ವರ್ಣನೆ ಸರಿಯಾದ ಜಾಗ. ಅವರದು ಉತ್ತರ ಇಂಗ್ಲೆಂಡಿನ ಗೌರವಸ್ಥ ಮನೆತನ. ತಮ್ಮ ಮತ್ತು ತಮ್ಮ ಸೋದರನ ಐಶ್ವರ್ಯ ವ್ಯಾಪಾರದಿಂದ ಬಂದದ್ದು ಎಂಬುದಕ್ಕಿಂತ ಈ ಸಂಗತಿಯೇ ಅವರ ನೆನಪಿನಲ್ಲಿ ಆಳವಾಗಿ ಅಚ್ಚೊತ್ತಿತ್ತು ಎನ್ನುತ್ತಾಳೆ ನಿರೂಪಕಿ. ವಾಕ್ಯದ ಮೊದಲರ್ಧ ಆ ಸೋದರಿಯರ ಬಾಯಿಂದ ಬಂದದ್ದು, ಉಳಿದರ್ಧ ನಿರೂಪಕಿಯದು. ಎರಡೂ ಸೇರುವ ಜಾಗದಲ್ಲಿ ಪೆನ್ಸಿಲ್ಲಿನಿಂದ ಒಂದು ಅಡ್ಡಗೆರೆ ಎಳೆಯಿರಿ. ಇಂಥ ಐದಾರು ವಾಕ್ಯಗಳನ್ನು ಸೀಳಿ ನೋಡಿದ ಮೇಲೆ ಕಣ್ಣು ತಾನಾಗಿಯೇ ಪಳಗುತ್ತದೆ.

ಊರೇ ಒಂದು ಪಾತ್ರವಾಗುವ ಕಡೆಗಳೂ ಇವೆ. 24ನೆಯ ಅಧ್ಯಾಯದ ಕೊನೆಯಲ್ಲಿ, ಡಾರ್ಸಿ ತನಗೆ ಅನ್ಯಾಯ ಮಾಡಿದನೆಂದು ಸೈನ್ಯಾಧಿಕಾರಿ ವಿಕಮ್ ಹೇಳಿದ ಕಥೆ ಬಹಿರಂಗವಾದಾಗ, ಏನೂ ತಿಳಿಯುವುದಕ್ಕೆ ಮುಂಚಿನಿಂದಲೇ ತಮಗೆ ಡಾರ್ಸಿಯನ್ನು ಕಂಡರೆ ಆಗುತ್ತಿರಲಿಲ್ಲವಲ್ಲ ಎಂದು ಎಲ್ಲರೂ ಸಂತೋಷಪಡುತ್ತಾರೆ. 50ನೆಯದರಲ್ಲಿ, ವಿಕಮ್ ಜೊತೆ ಓಡಿಹೋಗಿದ್ದ ಎಲಿಜಬೆತ್‌ಳ ಕೊನೆಯ ತಂಗಿ ಲಿಡಿಯಾಳ ಮದುವೆ ಅವನೊಡನೆಯೇ ನಿಶ್ಚಯವಾದ ಸುದ್ದಿ ಬರುತ್ತದೆ. ಓಡಿಹೋದ ಹುಡುಗಿ ಹಾಳಾಗಿಯೇ ಹೋಗಿದ್ದರೆ ಹರಟೆಗೆ ಎಷ್ಟು ಒದಗುತ್ತಿತ್ತು! ಆದರೂ ಪಕ್ಕದ ಪೇಟೆ ಮೆರಿಟನ್ನಿನ ಹೊಟ್ಟೆಕಿಚ್ಚಿನ ಮುದುಕಿಯರ ಶುಭಾಶಯದ ಉತ್ಸಾಹ ಹೆಚ್ಚೇನೂ ಕುಗ್ಗುವುದಿಲ್ಲ, ಏಕೆಂದರೆ ಅಂಥ ಗಂಡನ ಜೊತೆ ಅವಳ ದುಃಖ ಖಚಿತ. ಸಣ್ಣ ಊರಿನಲ್ಲಿ ಬೆಳೆದವರಿಗೆ ಈ ವಾಕ್ಯಕ್ಕೆ ಟಿಪ್ಪಣಿ ಬೇಕಾಗಿಲ್ಲ.

ಹೆಜ್ಜೆ 4: ಸಂಭಾಷಣೆಗಳನ್ನು ಗಟ್ಟಿಯಾಗಿ ಓದಿ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಸ್ತಕ ಕೈಸೇರಿದ ಹೊಸತರಲ್ಲಿ ಅಕ್ಕ ಕಸಾಂಡ್ರಾಗೆ ಬರೆದ ಪತ್ರದಲ್ಲಿ ಆಸ್ಟಿನ್, ಅಲ್ಲಲ್ಲಿ ‘ಎಂದನು’, ‘ಎಂದಳು’ ಸೇರಿಸಿದ್ದರೆ ಮಾತುಕತೆ ಇನ್ನಷ್ಟು ಬೇಗ ತಿಳಿಯುತ್ತಿತ್ತೇನೋ ಎಂದು ಒಪ್ಪಿಕೊಂಡು, ತಮ್ಮದೇ ಜಾಣತನವಿಲ್ಲದ ಮಂದಮತಿಗಳಿಗಾಗಿ ತಾನು ಬರೆಯುವುದಿಲ್ಲ ಎಂದುಬಿಟ್ಟಿದ್ದರು. ಮೊದಲ ಅಧ್ಯಾಯ ಬಹುಮಟ್ಟಿಗೆ ಗಂಡ ಹೆಂಡತಿಯ ಮಾತುಕತೆ. ಇಬ್ಬರು ಕೂತು ಗಟ್ಟಿಯಾಗಿ ಓದಿ ನೋಡಿ. ನನ್ನ ನರಗಳ ಮೇಲೆ ನಿಮಗೆ ಕನಿಕರವೇ ಇಲ್ಲ ಎನ್ನುತ್ತಾರೆ ಹೆಂಡತಿ. ನಿನ್ನ ನರಗಳ ಬಗ್ಗೆ ನನಗೆ ಅಪಾರ ಗೌರವವಿದೆ, ಅವು ನನ್ನ ಹಳೆಯ ಸ್ನೇಹಿತರು, ಇಪ್ಪತ್ತು ವರ್ಷಗಳಿಂದ ನೀನು ಅವುಗಳ ಮಾತೆತ್ತುವುದನ್ನು ಕೇಳುತ್ತಲೇ ಬಂದಿದ್ದೇನೆ ಎನ್ನುತ್ತಾರೆ ಗಂಡ. ಅಲಂಕಾರಶಾಸ್ತ್ರದ ವ್ಯಾಜಸ್ತುತಿ ಗೊತ್ತಿದ್ದವರಿಗೆ ಇದು ನೀರು ಕುಡಿದಷ್ಟು ಸುಲಭ: ಹೊಗಳಿಕೆಯ ವೇಷದ ತೆಗಳಿಕೆ. ಆದರೆ ಆಸ್ಟಿನ್ ಅವರ ವ್ಯಂಗ್ಯವೆಲ್ಲ ಇಷ್ಟೇ ಎಂದುಕೊಂಡರೆ ಮುಂದಿನ ಮೂರು ಹೆಜ್ಜೆಗಳಲ್ಲಿ ಎಡವುತ್ತೀರಿ.

ಹೆಜ್ಜೆ 5: ಹದಿನಾರನೆಯ ಅಧ್ಯಾಯದಲ್ಲಿ ನೀವು ಹೇಗೆ ಮೋಸಹೋದಿರಿ ಎಂದು ಪತ್ತೆ ಮಾಡಿ

ಎಲಿಜಬೆತ್ ಚುರುಕು ಹುಡುಗಿ. ಡಾರ್ಸಿ ಅವಳನ್ನು ನೋಡಿ, ಪರವಾಗಿಲ್ಲ, ಆದರೆ ನನ್ನನ್ನು ಸೆಳೆಯುವಷ್ಟು ಚೆಲುವೆಯಲ್ಲ ಎಂದು ಅವಳ ಕಿವಿಗೆ ಬೀಳುವಂತೆ ಅಂದಿದ್ದಾನೆ. ಓದುಗರು ಆ ಕ್ಷಣದಿಂದಲೇ ಅವಳ ಪಕ್ಷ. ಅವಳ ಕಣ್ಣಿಂದ ನೋಡುತ್ತೇವೆ, ಅವಳ ಜಾಣತನವನ್ನು ನಮ್ಮ ಜಾಣತನವೆಂದೇ ಭಾವಿಸುತ್ತೇವೆ. ಬಲೆ ಹರಡಿರುವುದು ಇಲ್ಲಿ.

ಮೆರಿಟನ್ನಿನ ಚಿಕ್ಕಮ್ಮನ ಮನೆಯ ಸಂಜೆಕೂಟದಲ್ಲಿ ವಿಕಮ್ ಎಲಿಜಬೆತ್ ಪಕ್ಕದಲ್ಲಿ ಬಂದು ಕೂರುತ್ತಾನೆ. ಪರಿಚಯವಾಗಿ ಒಂದು ದಿನವಾಗಿದೆ, ಅಷ್ಟೇ. ಆಗಲೇ ತನ್ನ ಬಾಳಿನ ಕಥೆ, ಡಾರ್ಸಿಯಿಂದ ತನಗಾದ ಅನ್ಯಾಯ ಎಲ್ಲವನ್ನೂ ಬಿಚ್ಚಿಡುತ್ತಾನೆ. ಡಾರ್ಸಿಯ ತಂದೆಯನ್ನು ಮರೆಯುವವರೆಗೆ ಮಗನ ಬಣ್ಣ ಬಯಲು ಮಾಡಲಾರೆ ಎಂದೂ ಹೇಳುತ್ತಾನೆ. ಹೇಳುತ್ತಲೇ ಬಯಲು ಮಾಡುತ್ತಿದ್ದಾನೆ! ಎಲಿಜಬೆತ್‌ಗೆ ಅದು ಕಾಣುವುದಿಲ್ಲ. ಇಂಥ ಭಾವನೆಗಳಿಗಾಗಿ ಅವನ ಮೇಲೆ ಗೌರವ ಹುಟ್ಟುತ್ತದೆ, ಆ ಮಾತು ಆಡುವಾಗ ಅವನು ಎಂದಿಗಿಂತ ಚೆಲುವನಾಗಿ ಕಾಣುತ್ತಾನೆ. ತಾನೇಕೆ ಡಾರ್ಸಿಗೆ ಹೆದರಿ ಓಡಲಿ, ಬೇಡವಾದರೆ ಅವನೇ ಹೋಗಲಿ ಎಂದ ವೀರ ಬಿಂಗ್ಲಿಯ ಮನೆ ನೆದರ್‌ಫೀಲ್ಡಿನ ನೃತ್ಯಕೂಟಕ್ಕೆ ಬರುವುದೇ ಇಲ್ಲ. ಅದನ್ನೂ ಎಲಿಜಬೆತ್ ಡಾರ್ಸಿಯ ಲೆಕ್ಕಕ್ಕೇ ಬರೆಯುತ್ತಾಳೆ.

ಗಮನಿಸಿ: ಲೇಖಕಿ ಇಲ್ಲಿ ಏನನ್ನೂ ಮುಚ್ಚಿಟ್ಟಿಲ್ಲ. ಪತ್ತೇದಾರಿ ಕಾದಂಬರಿಯಲ್ಲಿ ಸುಳಿವುಗಳನ್ನು ಬಚ್ಚಿಡುತ್ತಾರೆ; ಇಲ್ಲಿ ಎಲ್ಲ ಸುಳಿವುಗಳೂ ಮೇಜಿನ ಮೇಲೆಯೇ ಇವೆ. ಅಕ್ಕ ಜೇನ್ ಮಾತ್ರ, ಇಬ್ಬರ ನಡುವೆ ಏನೋ ತಪ್ಪು ತಿಳಿವಳಿಕೆ ಇದ್ದೀತು, ಯಾರ ಬಗ್ಗೆ ಏನೆಂದುಕೊಳ್ಳಬೇಕೋ ತಿಳಿಯದು ಎನ್ನುತ್ತಾಳೆ. ಏನೆಂದುಕೊಳ್ಳಬೇಕೆಂದು ಸ್ಪಷ್ಟವಾಗಿಯೇ ಗೊತ್ತಾಗುತ್ತದೆ ಎಂದು ಎಲಿಜಬೆತ್ ಖಡಾಖಂಡಿತವಾಗಿ ಹೇಳುತ್ತಾಳೆ. ಆ ಜಾಗದಲ್ಲಿ ನೀವು ಪೆದ್ದು ಜೇನ್‌ಳನ್ನು ಕಂಡು ನಕ್ಕು ಗೀಟು ಹಾಕಿದ್ದರೆ ಅದನ್ನು ಅಳಿಸಬೇಡಿ, ಮುಂದೆ ಉಪಯೋಗಕ್ಕೆ ಬರುತ್ತದೆ.

18ನೆಯ ಅಧ್ಯಾಯದಲ್ಲಿ ನೃತ್ಯ ಮಾಡುತ್ತ ಎಲಿಜಬೆತ್ ಡಾರ್ಸಿಗೆ ಪಾಠ ಹೇಳುತ್ತಾಳೆ: ತಮ್ಮ ಅಭಿಪ್ರಾಯವನ್ನು ಎಂದೂ ಬದಲಿಸದವರು ಮೊದಲ ಸಲವೇ ಸರಿಯಾಗಿ ತೂಗಿ ನೋಡಬೇಕಾಗುತ್ತದೆ. ಮಾತು ಚಿನ್ನದಂಥದ್ದು. ವಿಳಾಸ ಮಾತ್ರ ತಪ್ಪು.

ಈಗ ಅಭ್ಯಾಸ. ವಿಕಮ್‌ನ ಸುಳ್ಳನ್ನು ಬಯಲು ಮಾಡುವ, 35ನೆಯ ಅಧ್ಯಾಯದ ಡಾರ್ಸಿಯ ಪತ್ರವನ್ನೂ, 36ರಲ್ಲಿ ಎಲಿಜಬೆತ್ ಅದನ್ನು ಮತ್ತೆ ಮತ್ತೆ ಓದುವುದನ್ನೂ ಮುಗಿಸಿ. ಮುಂದಕ್ಕೆ ಹೋಗದೆ ನೇರವಾಗಿ 16ಕ್ಕೆ ವಾಪಸು ಬನ್ನಿ. ಎಲಿಜಬೆತ್ ಮನಸ್ಸಿನಲ್ಲೇ ಮಾಡುವ ಮರು ಓದನ್ನು ನೀವು ಕೈಯಲ್ಲಿ ಪುಸ್ತಕ ಹಿಡಿದು ಮಾಡಿ. ಒಬ್ಬ ಅಪರಿಚಿತನ ಮುಂದೆ ಇಂಥ ವಿಷಯ ಹೇಳಿಕೊಂಡದ್ದು ಎಷ್ಟು ಅಸಭ್ಯ ಎಂಬುದು ಅವಳಿಗೆ ಆಗ ಹೊಳೆಯುತ್ತದೆ, ಮುಂಚೆಯೇ ಏಕೆ ಹೊಳೆಯಲಿಲ್ಲವೆಂದು ಅಚ್ಚರಿಯಾಗುತ್ತದೆ. ನಿಮಗೂ ಆಗಬೇಕು. ಈ ಕ್ಷಣದವರೆಗೆ ನನ್ನನ್ನು ನಾನೇ ಅರಿತಿರಲಿಲ್ಲ ಎಂದು ಅವಳು ಹೇಳಿಕೊಳ್ಳುವ ಮಾತು ಆಗ ಬರಿಯ ನಾಯಕಿಯ ಪಶ್ಚಾತ್ತಾಪವಾಗಿ ಉಳಿಯುವುದಿಲ್ಲ.

ಹೆಜ್ಜೆ 6: ಶಾರ್ಲಟ್ ಲ್ಯೂಕಸ್ ಬಂದಾಗ ನಿಧಾನಿಸಿ

ದಾಂಪತ್ಯದ ಸುಖ ಎಂಬುದು ಪೂರ್ತಿ ಅದೃಷ್ಟದ ಮಾತು ಎಂದು ಎಲಿಜಬೆತ್‌ಳ ಗೆಳತಿ ಶಾರ್ಲಟ್ ಆರನೆಯ ಅಧ್ಯಾಯದಲ್ಲಿ ಹೇಳುತ್ತಾಳೆ. ಎಲಿಜಬೆತ್ ನಗುತ್ತಾಳೆ: ಇದು ಸರಿಯಲ್ಲವೆಂದು ನಿನಗೂ ಗೊತ್ತು, ನೀನೇ ಹಾಗೆ ನಡೆದುಕೊಳ್ಳಲಾರೆ. 22ನೆಯ ಅಧ್ಯಾಯದಲ್ಲಿ ಶಾರ್ಲಟ್ ಹಾಗೆಯೇ ನಡೆದುಕೊಳ್ಳುತ್ತಾಳೆ. ಎಲಿಜಬೆತ್ ಬೇಡವೆಂದ ಕಾಲಿನ್ಸ್‌ನನ್ನು, ಅವನು ಬೇಡವೆನಿಸಿಕೊಂಡು ಮೂರು ದಿನ ಕಳೆಯುವಷ್ಟರಲ್ಲಿ, ಒಪ್ಪಿಕೊಳ್ಳುತ್ತಾಳೆ. ಕಾಲಿನ್ಸ್ ಅದಕ್ಕೂ ಮೊದಲು ಜೇನ್‌ಳಿಂದ ಎಲಿಜಬೆತ್ ಕಡೆಗೆ ಮನಸ್ಸು ಬದಲಿಸಿದ್ದು ಶ್ರೀಮತಿ ಬೆನೆಟ್ ಅಗ್ಗಿಷ್ಟಿಕೆಯ ಬೆಂಕಿ ಕೆದಕುವಷ್ಟು ಹೊತ್ತಿನಲ್ಲಿ.

ಇಲ್ಲಿನ ಗದ್ಯವನ್ನು ಹನಿಹನಿಯಾಗಿ ಓದಿ. ಕಾಲಿನ್ಸ್‌ನ ಉದ್ದುದ್ದ ಭಾಷಣಗಳು ಅವಕಾಶ ಕೊಟ್ಟಷ್ಟು ಕಡಿಮೆ ಸಮಯದಲ್ಲಿ ಎಲ್ಲವೂ ಇತ್ಯರ್ಥವಾಯಿತು ಎನ್ನುತ್ತಾಳೆ ನಿರೂಪಕಿ. ಶಾರ್ಲಟ್ ಒಪ್ಪಿದ್ದು ನೆಲೆಯೊಂದು ಸಿಗಲಿ ಎಂಬ ಶುದ್ಧ, ನಿಸ್ವಾರ್ಥ ಆಸೆಯಿಂದ. ‘ಶುದ್ಧ’, ‘ನಿಸ್ವಾರ್ಥ’ ಎಂಬ ವಿಶೇಷಣಗಳು ಚುಚ್ಚುತ್ತವೆ, ನಗು ಬರುತ್ತದೆ. ಅದರ ಬೆನ್ನಲ್ಲೇ ಸ್ವರ ಬದಲಾಗುತ್ತದೆ. ಚೆನ್ನಾಗಿ ಓದಿಕೊಂಡ, ಕೈಯಲ್ಲಿ ಹಣವಿಲ್ಲದ ಹೆಣ್ಣಿಗೆ ಗೌರವದಿಂದ ಬದುಕಲು ಮದುವೆಯೊಂದೇ ದಾರಿ. ಸುಖ ಸಿಗುತ್ತದೋ ಇಲ್ಲವೋ, ಬಡತನದಿಂದ ಪಾರಾಗಲು ಅದಕ್ಕಿಂತ ಹಿತವಾದ ಉಪಾಯವಿಲ್ಲ. ಶಾರ್ಲಟ್‌ಗೆ 27 ವರ್ಷ, ಎಂದೂ ಸುಂದರಿ ಎನಿಸಿಕೊಂಡವಳಲ್ಲ. ಈ ಮಾತುಗಳು ನಿರೂಪಕಿಯವೇ, ಶಾರ್ಲಟ್‌ಳವೇ? ಮೂರನೆಯ ಹೆಜ್ಜೆಯ ಅಡ್ಡಗೆರೆಯನ್ನು ಇಲ್ಲಿ ಎಳೆಯಲು ಪ್ರಯತ್ನಿಸಿ. ಎಳೆಯಲು ಬರುವುದಿಲ್ಲ. ಶಾರ್ಲಟ್‌ಳನ್ನು ಹಾಸ್ಯ ಮಾಡುವವರೂ ಅವಳ ಪರ ವಾದಿಸುವವರೂ ಇದೇ ಸಾಲುಗಳನ್ನು ಹಿಡಿದು ನಿಲ್ಲಬಹುದು, ಇಬ್ಬರಿಗೂ ಲೇಖಕಿ ಜಾಗ ಬಿಟ್ಟಿದ್ದಾರೆ.

ಆಸ್ಟಿನ್ ಅವರ ಬದುಕಿನ ಒಂದು ಸಂಗತಿಯನ್ನು ಈ ಅಧ್ಯಾಯದ ಪಕ್ಕದಲ್ಲಿಟ್ಟು ನೋಡಬಹುದು. 1802ರ ಡಿಸೆಂಬರಿನಲ್ಲಿ, 27ರ ಹೊಸ್ತಿಲಲ್ಲಿದ್ದ ಅವರಿಗೆ ದೊಡ್ಡ ಎಸ್ಟೇಟಿನ ವಾರಸುದಾರ ಹ್ಯಾರಿಸ್ ಬಿಗ್-ವಿದರ್ ಮದುವೆಯ ಪ್ರಸ್ತಾಪ ಇಟ್ಟ. ಅವರು ಒಪ್ಪಿದರು. ಮರುದಿನ ಬೆಳಗ್ಗೆ ಒಪ್ಪಿಗೆಯನ್ನು ಹಿಂದಕ್ಕೆ ಪಡೆದರು. ಎಲಿಜಬೆತ್ ಮತ್ತು ಶಾರ್ಲಟ್ ಇಬ್ಬರ ನಿರ್ಧಾರವನ್ನೂ ಒಂದೇ ರಾತ್ರಿಯ ಅಂತರದಲ್ಲಿ ತೆಗೆದುಕೊಂಡಿದ್ದವರು ಈ ಪುಟಗಳನ್ನು ಬರೆದದ್ದು.

ಮುಂದೆ, ವಿಕಮ್ ಹತ್ತು ಸಾವಿರ ಪೌಂಡ್ ಬಂದ ಮಿಸ್ ಕಿಂಗ್ ಬೆನ್ನು ಹತ್ತಿದಾಗ ಎಲಿಜಬೆತ್ ಏನು ಹೇಳುತ್ತಾಳೆ ಎಂಬುದನ್ನು 26 ಮತ್ತು 27ರಲ್ಲಿ ನೋಡಿ. ಶಾರ್ಲಟ್‌ಗೆ ಸಿಗದ ರಿಯಾಯಿತಿ ಆ ಚೆಲುವನಿಗೆ ಧಾರಾಳವಾಗಿ ಸಿಗುತ್ತದೆ.

ಹೆಜ್ಜೆ 7: ಬೆನೆಟ್ ಮಹಾಶಯರ ಹಾಸ್ಯಗಳನ್ನೆಲ್ಲ ಒಟ್ಟುಮಾಡಿ ಬಿಲ್ಲು ಬರೆಯಿರಿ

ಪುಸ್ತಕದ ಜನಪ್ರಿಯ ಸಾಲುಗಳಲ್ಲಿ ಅರ್ಧಕ್ಕರ್ಧ ಇವರವೇ. ಕಾಲಿನ್ಸ್‌ನನ್ನು ಮದುವೆಯಾಗದಿದ್ದರೆ ತಾಯಿ ನಿನ್ನ ಮುಖ ನೋಡುವುದಿಲ್ಲ, ಮದುವೆಯಾದರೆ ನಾನು ನೋಡುವುದಿಲ್ಲ ಎಂದು ಮಗಳಿಗೆ ಹೇಳುವಾಗ ಯಾರಿಗೆ ತಾನೇ ಇಷ್ಟವಾಗುವುದಿಲ್ಲ? ಕಾಲಿನ್ಸ್ ಹೇಳುವ ಹೊಗಳಿಕೆಗಳು ಆ ಕ್ಷಣದಲ್ಲಿ ಹುಟ್ಟಿದವೋ, ಮೊದಲೇ ಅಭ್ಯಾಸ ಮಾಡಿಟ್ಟುಕೊಂಡವೋ ಎಂದು ಅವನನ್ನೇ ಗಂಭೀರವಾಗಿ ಕೇಳುವುದು, ಅವನು ಅಷ್ಟೇ ಗಂಭೀರವಾಗಿ ಉತ್ತರಿಸುವುದು ಸೊಗಸಾದ ದೃಶ್ಯ. ನಿಮ್ಮ ಗೀಟುಗಳಲ್ಲಿ ಹೆಚ್ಚಿನವು ಇವರ ಲೆಕ್ಕಕ್ಕೇ ಬಿದ್ದಿರುತ್ತವೆ.

ಈಗ ಅವೆಲ್ಲವನ್ನೂ ಸಾಲಾಗಿ ಓದಿ. ಮಳೆ ಬರುವ ಸೂಚನೆ ಕಂಡು ತಾಯಿ ಜೇನ್‌ಳನ್ನು ಕುದುರೆಯ ಮೇಲೆ ಬಿಂಗ್ಲಿ ಮನೆಗೆ ಕಳಿಸುತ್ತಾರೆ, ಹುಡುಗಿ ನೆನೆದು ಜ್ವರದಲ್ಲಿ ಮಲಗುತ್ತಾಳೆ. ಅವಳು ಸತ್ತರೂ ಬಿಂಗ್ಲಿಯನ್ನು ಹಿಡಿಯುವ ಕಾರ್ಯದಲ್ಲೇ ಸತ್ತಳೆಂಬ ಸಮಾಧಾನವಿರುತ್ತದೆ ಎನ್ನುತ್ತಾರೆ ತಂದೆ. ಹೊರಡುವ ಮುಂಚೆ ತಡೆಯಲಿಲ್ಲ. ಲಿಡಿಯಾಳನ್ನು ಬ್ರೈಟನ್ನಿಗೆ ಕಳಿಸಬೇಡಿ ಎಂದು 41ನೆಯ ಅಧ್ಯಾಯದಲ್ಲಿ ಎಲಿಜಬೆತ್ ಬೇಡಿಕೊಳ್ಳುತ್ತಾಳೆ. ಎಲ್ಲೋ ಒಂದು ಕಡೆ ಎಲ್ಲರೆದುರು ಮಾನ ಕಳೆದುಕೊಳ್ಳುವವರೆಗೆ ಅವಳು ಸುಮ್ಮನಿರುವವಳಲ್ಲ, ಇಷ್ಟು ಕಡಿಮೆ ಖರ್ಚಿನಲ್ಲಿ ಅದಾಗುವ ಅವಕಾಶ ಮತ್ತೆ ಬರುವುದಿಲ್ಲ ಎಂಬ ಉತ್ತರ ಬರುತ್ತದೆ. ಹಾಸ್ಯ ಅಕ್ಷರಶಃ ನಿಜವಾಗುತ್ತದೆ, ಖರ್ಚಿನ ಭಾಗ ಬಿಟ್ಟು.

ಬಿಲ್ಲು 50ನೆಯ ಅಧ್ಯಾಯದಲ್ಲಿ ಬರುತ್ತದೆ. ಗಂಡು ಮಗು ಹುಟ್ಟೇ ಹುಟ್ಟುತ್ತದೆಂದು ನಂಬಿ ಉಳಿತಾಯ ಮಾಡದೆ ಕಾಲ ಕಳೆದದ್ದು, ಐದು ಹೆಣ್ಣುಮಕ್ಕಳಾದ ಮೇಲೆ ಉಳಿಸುವ ಕಾಲ ಮೀರಿಹೋದದ್ದು ಇವೆಲ್ಲ ತಣ್ಣನೆಯ ಸ್ವರದಲ್ಲಿ ಬಿಚ್ಚಿಕೊಳ್ಳುತ್ತವೆ. ಲಿಡಿಯಾಳ ಮಾನ ಕೊಳ್ಳಲು ವಿಕಮ್‌ಗೆ ಕೊಟ್ಟ ದೊಡ್ಡ ಮೊತ್ತ ಡಾರ್ಸಿಯ ಜೇಬಿನದು. ತಂದೆ ಕೊಡಬೇಕಾದದ್ದು ವರ್ಷಕ್ಕೆ 100 ಪೌಂಡ್, ಅವಳು ಮನೆಯಲ್ಲೇ ಇದ್ದಿದ್ದರೆ ಆಗುತ್ತಿದ್ದ ಖರ್ಚನ್ನು ಕಳೆದರೆ ನಷ್ಟ ಹತ್ತು ಪೌಂಡ್ ಕೂಡ ಇಲ್ಲ. ಆ ಲೆಕ್ಕ ಕೂಡಿದಾಗ ಅವರಿಗಾಗುವ ನೆಮ್ಮದಿಯನ್ನು ಓದಿ. ಅಲ್ಲಿ ನಗು ಬರುವುದು ಕಷ್ಟ.

ತಾನು ತಪ್ಪಿತಸ್ಥ ಎಂಬುದು ಇವರಿಗೆ ಗೊತ್ತು, ಅದೇ ಇವರ ವಿಶೇಷ. ಜೀವನದಲ್ಲಿ ಒಮ್ಮೆಯಾದರೂ ನನ್ನ ತಪ್ಪಿನ ಭಾರ ನನಗೆ ತಟ್ಟಲಿ, ಹೆದರಬೇಡ, ಬೇಗ ಹೊರಟುಹೋಗುತ್ತದೆ ಎಂದು ಎಲಿಜಬೆತ್‌ಗೆ ಹೇಳುತ್ತಾರೆ. ಹೊರಟೇ ಹೋಗುತ್ತದೆ. ಸ್ವಂತ ತಪ್ಪನ್ನೂ ಚಮತ್ಕಾರದ ಮಾತಾಗಿ ಕರಗಿಸಿಬಿಡುವ ಈ ಮನುಷ್ಯನ ಮೂಲಕ ಆಸ್ಟಿನ್ ತಮ್ಮದೇ ಆಯುಧವನ್ನು ಪರೀಕ್ಷೆಗೆ ಒಡ್ಡಿದ್ದಾರೆ ಎಂಬುದು ನನ್ನ ಓದು. ಅತ್ಯಂತ ಚೆನ್ನಾಗಿ ವ್ಯಂಗ್ಯವಾಡುವವನೇ ಈ ಪುಸ್ತಕದ ಅತ್ಯಂತ ಬೇಜವಾಬ್ದಾರಿ ಗೃಹಸ್ಥ. ಮಕ್ಕಳ ಭವಿಷ್ಯದ ಚಿಂತೆಯಲ್ಲಿ ಸದಾ ಕಿರುಚಾಡುವ ಹೆಂಡತಿ ದಡ್ಡಿಯೇ ಇರಬಹುದು, ಆದರೆ ಆಸ್ತಿ ಕೈಬಿಟ್ಟುಹೋದ ದಿನ ಐವರು ಹೆಣ್ಣುಮಕ್ಕಳು ಬೀದಿಗೆ ಬೀಳುತ್ತಾರೆಂದು ಆ ಮನೆಯಲ್ಲಿ ಲೆಕ್ಕ ಹಾಕಿದ್ದವರು ಆಕೆಯೊಬ್ಬರೇ.

57ನೆಯ ಅಧ್ಯಾಯದ ದೃಶ್ಯವನ್ನು ಬಿಡಬೇಡಿ. ಡಾರ್ಸಿ ಎಲಿಜಬೆತ್‌ಳನ್ನು ಮದುವೆಯಾಗುತ್ತಾನಂತೆ ಎಂಬ ಗಾಳಿಸುದ್ದಿ ತಂದೆಗೆ ದೊಡ್ಡ ತಮಾಷೆ. ನೆರೆಯವರಿಗೆ ನಗೆಪಾಟಲಾಗುವುದು, ಸರದಿ ಬಂದಾಗ ಅವರನ್ನು ಕಂಡು ನಗುವುದು, ಇದಕ್ಕಲ್ಲದೆ ನಾವು ಬದುಕುವುದು ಇನ್ನೇತಕ್ಕೆ ಎಂದು ಕೇಳುತ್ತಾರೆ. ಎದುರಿಗೆ ಕೂತ ಮಗಳು ಒಳಗೆ ನೋಯುತ್ತ ಹೊರಗೆ ನಗಬೇಕಾಗಿದೆ. ಈ ಪ್ರಸಿದ್ಧ ಸಾಲನ್ನು ಆಸ್ಟಿನ್ ಅವರ ಜೀವನ ದರ್ಶನವೆಂದು ಗೋಡೆಗೆ ಅಂಟಿಸಿಕೊಳ್ಳುವವರು ಆ ಮಗಳ ಮುಖ ನೋಡಿಲ್ಲ.

ಹೆಜ್ಜೆ 8: ತಿರುಗುಬಾಣಗಳ ಪಟ್ಟಿ

ಇದು ಸುಲಭ, ಬಸ್ಸಿನಲ್ಲಿ ಕೂತೂ ಮಾಡಬಹುದು. ಯಾರು ಏನನ್ನು ತಪ್ಪಿಸಲು ಹೊರಟು ಅದನ್ನೇ ಆಗಿಸಿದರು? ಮೊದಲ ಹೆಸರು ಡಾರ್ಸಿಯ ತಾಯಿಯ ಸೋದರಿ ಲೇಡಿ ಕ್ಯಾಥರೀನ್ ಅವರದು. ಮದುವೆ ನಿಲ್ಲಿಸಲೆಂದು ಗಾಡಿ ಕಟ್ಟಿಸಿಕೊಂಡು ಬಂದು ಎಲಿಜಬೆತ್‌ಳನ್ನು ಗದರಿಸಿ, ಅವಳು ಬಗ್ಗಲಿಲ್ಲವೆಂಬ ದೂರನ್ನು ಡಾರ್ಸಿಗೆ ಮುಟ್ಟಿಸುತ್ತಾರೆ. ಅವನಿಗೆ ಆಸೆ ಚಿಗುರುವುದು ಆ ದೂರಿನಿಂದಲೇ. 1940ರ ಹಾಲಿವುಡ್ ಚಲನಚಿತ್ರದಲ್ಲಿ ಇದೇ ಮುದುಕಿಯನ್ನು, ಡಾರ್ಸಿಯ ಪರವಾಗಿ ಹುಡುಗಿಯ ಮನಸ್ಸನ್ನು ಪರೀಕ್ಷಿಸಲು ಬಂದ ಒಳ್ಳೆಯ ಹಿರಿಯಳನ್ನಾಗಿ ಮಾಡಿಬಿಟ್ಟರು. ಕಥೆ ಅದೇ ಉಳಿಯಿತು, ವ್ಯಂಗ್ಯ ಪೂರ್ತಿ ಸೋರಿಹೋಯಿತು. ಉಳಿದ ಹೆಸರುಗಳನ್ನು ನೀವೇ ಹುಡುಕಿ. ಕ್ಯಾರೊಲೈನ್ ಬಿಂಗ್ಲಿಯಿಂದ ಶುರುಮಾಡಬಹುದು.

ಹೆಜ್ಜೆ 9: ಎಲ್ಲ ಕಡೆಯೂ ವ್ಯಂಗ್ಯ ಹುಡುಕಬೇಡಿ

ಕಣ್ಣು ಪಳಗಿದವರಿಗೆ ಬರುವ ರೋಗ ಇದು. 43ನೆಯ ಅಧ್ಯಾಯದಲ್ಲಿ, ಡಾರ್ಸಿಯ ಎಸ್ಟೇಟು ಪೆಂಬರ್ಲಿಯ ಮನೆವಾರ್ತೆ ನೋಡಿಕೊಳ್ಳುವ ಶ್ರೀಮತಿ ರೆನಾಲ್ಡ್ಸ್ ತನ್ನ ಯಜಮಾನನನ್ನು ಹೊಗಳುತ್ತಾಳೆ. ಅದರ ಕೆಳಗೆ ಬೇರೆ ಅರ್ಥವಿಲ್ಲ. ಆದರೆ ತಾನು ಡಾರ್ಸಿಯನ್ನು ಪ್ರೀತಿಸತೊಡಗಿದ್ದು ಪೆಂಬರ್ಲಿಯ ಸುಂದರ ಉದ್ಯಾನ ಕಂಡ ದಿನದಿಂದ ಎಂದು 59ರಲ್ಲಿ ಎಲಿಜಬೆತ್ ಜೇನ್‌ಗೆ ಹೇಳುವುದು ಹಾಸ್ಯ. ಆ ಹಾಸ್ಯದೊಳಗೆ ಒಂದಿಷ್ಟು ನಿಜವೂ ಇದೆಯೇ ಎಂದು ಓದುಗರು ಇಂದಿಗೂ ಜಗಳವಾಡುತ್ತಾರೆ. ಇದೆ ಎನ್ನುವವರ ಕಡೆ ನಾನು.

ಕಡೆಯ ಪರೀಕ್ಷೆಗೆ 58ನೆಯ ಅಧ್ಯಾಯ ಇಟ್ಟುಕೊಳ್ಳಿ. ಡಾರ್ಸಿಯ ಎರಡನೆಯ ನಿವೇದನೆಗೆ ಒಪ್ಪಿಗೆ ಸಿಕ್ಕಿದೆ. ಅವನು ಏನು ಹೇಳಿದನೆಂದು ಆಸ್ಟಿನ್ ಕೇಳಿಸುವುದೇ ಇಲ್ಲ. ತೀವ್ರವಾಗಿ ಪ್ರೇಮದಲ್ಲಿ ಬಿದ್ದವನಿಂದ ನಿರೀಕ್ಷಿಸಬಹುದಾದಷ್ಟು ವಿವೇಕದಿಂದ, ಅಷ್ಟೇ ಉತ್ಸಾಹದಿಂದ ಮಾತನಾಡಿದ ಎಂದಷ್ಟೇ ಹೇಳಿ ಮುಂದೆ ಹೋಗುತ್ತಾರೆ. 19ರಲ್ಲಿ ಕಾಲಿನ್ಸ್ ತನ್ನ ಪ್ರೇಮದ ತೀವ್ರತೆಯನ್ನು ಅತ್ಯಂತ ರಭಸದ ಭಾಷೆಯಲ್ಲಿ ತಿಳಿಸುವುದಷ್ಟೇ ಬಾಕಿ ಎಂದಿದ್ದ. ಆ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ಓದಿ. ಮುಂದೆ ಅದೇ ಅಧ್ಯಾಯದ ಕೊನೆಯಲ್ಲಿ, ಬಿಂಗ್ಲಿಯನ್ನು ಡಾರ್ಸಿ ಹೇಗೆ ಬೇಕಾದರೂ ಕುಣಿಸಬಲ್ಲ ಎಂಬುದು ಬಯಲಾದಾಗ ಎಲಿಜಬೆತ್‌ಗೆ ಒಂದು ಕೊಂಕು ಮಾತು ನಾಲಗೆಯ ತುದಿಗೆ ಬರುತ್ತದೆ. ಆಡದೆ ನುಂಗುತ್ತಾಳೆ. ತನ್ನನ್ನು ಕಂಡು ಬೇರೆಯವರು ನಗುವುದನ್ನು ಸಹಿಸಿಕೊಳ್ಳಲು ಅವನಿನ್ನೂ ಕಲಿಯಬೇಕಾಗಿದೆ, ಈಗಲೇ ಶುರುಮಾಡುವುದು ಅವಸರವಾದೀತು ಎಂದುಕೊಳ್ಳುತ್ತಾಳೆ. ಬೆನೆಟ್ ಮಹಾಶಯರು 23 ವರ್ಷಗಳ ದಾಂಪತ್ಯದಲ್ಲಿ ಒಂದು ಸಲವಾದರೂ ಹೀಗೆ ಮಾತು ನುಂಗಿದ್ದು ಪುಸ್ತಕದಲ್ಲಿ ಎಲ್ಲೂ ಸಿಗುವುದಿಲ್ಲ.

ಪಾಠ ಶುರುವಾಗುವುದು 61ರಲ್ಲಿ. ಅತ್ತಿಗೆ ಅಣ್ಣನೊಡನೆ ಆಡುವ ಚೇಷ್ಟೆಯ ಮಾತು ಕೇಳಿ ಡಾರ್ಸಿಯ ತಂಗಿ ಜಾರ್ಜಿಯಾನಾ ಮೊದಮೊದಲು ಗಾಬರಿಯಾಗುತ್ತಾಳೆ. ಬೆನೆಟ್ ಮಹಾಶಯರಿಗೂ ಪೆಂಬರ್ಲಿಗೆ ಹೋಗುವುದೆಂದರೆ ಬಲು ಇಷ್ಟ, ಅದರಲ್ಲೂ ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ. ಅಪ್ಪ, ಮಗಳು ಇಬ್ಬರೂ ಒಂದೇ ಊಟದ ಮೇಜಿಗೆ ಕೂತ ದಿನ ಡಾರ್ಸಿಯ ಪಾಡೇನಾಯಿತು ಎಂಬುದನ್ನು ಆಸ್ಟಿನ್ ಬರೆದಿಲ್ಲ.